ನೂರಕ್ಕೆ ಇಪ್ಪತ್ತೈದು: ಸಿಲಿಕಾನ್ ಸೌರಕೋಶದ ದಕ್ಷತೆಯ ಇತಿಹಾಸ



2011ರಲ್ಲಿ ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಮಕ್ಕಳು ಸೌರಶಕ್ತಿಯ ಬಗ್ಗೆ ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದರು. ಅದರ ಕೊನೆಯ ಸಾಲಿನಲ್ಲಿ 'ಸಿಲಿಕಾನ್ ಸೌರಕೋಶದ ವಿಶ್ವದಾಖಲೆ ದಕ್ಷತೆ ಶೇ. 25' ಎಂದಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ನಿಲ್ಲಿಸಿ ಕೇಳಿದಳು: "ಸರ್, ನಮಗೆ ನೂರಕ್ಕೆ ಇಪ್ಪತ್ತೈದು ಬಂದರೆ ಫೇಲ್. ಇದಕ್ಕೆ ಇಪ್ಪತ್ತೈದು ಬಂದರೆ ವಿಶ್ವದಾಖಲೆ ಅಂತೀರಲ್ಲ, ಅದು ಹೇಗೆ?"

ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. 'ವಿಜ್ಞಾನದಲ್ಲಿ ಹಾಗೇನಮ್ಮ' ಎಂದು ಏನೋ ಹೇಳಿ ಮುಂದೆ ಹೋದೆ. ಆದರೆ ಆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಸುಮಾರು ನೂರೆಂಬತ್ತು ವರ್ಷಗಳ ಇತಿಹಾಸವನ್ನೇ ಹೇಳಬೇಕು. ಅಂದು ಹೇಳಲಾಗದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಈ ಪುಟ ಅವಳ ಕಣ್ಣಿಗೂ ಬಿದ್ದರೆ ಸಂತೋಷ.

ಮೊದಲು ದಕ್ಷತೆ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಸ್ವಚ್ಛ ಆಕಾಶವಿರುವ ದಿನ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್. ಅಷ್ಟೇ ಅಗಲದ ಸೌರಫಲಕ ಅದರಿಂದ 200 ವ್ಯಾಟ್ ವಿದ್ಯುತ್ತು ಕೊಟ್ಟರೆ ಅದರ ದಕ್ಷತೆ ಶೇ. 20. ಉಳಿದ 800 ವ್ಯಾಟ್ ಎಲ್ಲಿ ಹೋಯಿತು? ಒಂದಷ್ಟು ಫಲಕದ ಮೈಗೆ ಬಡಿದು ಹಿಂದಿರುಗಿತು, ಒಂದಷ್ಟು ಶಾಖವಾಯಿತು, ಒಂದಷ್ಟು ಒಳಗೇ ಹುಟ್ಟಿ ಒಳಗೇ ಸತ್ತಿತು. ಬಾವಿಯಿಂದ ತೂತು ಕೊಡದಲ್ಲಿ ನೀರು ತರುವವರ ಸ್ಥಿತಿಯನ್ನು ನೆನೆಸಿಕೊಳ್ಳಿ. ಬಾವಿಯಲ್ಲಿ ನೀರಿಗೆ ಬರವಿಲ್ಲ, ಮನೆ ಮುಟ್ಟುವಾಗ ಕೊಡದಲ್ಲಿ ಉಳಿಯುವುದೆಷ್ಟು ಎಂಬುದೇ ಪ್ರಶ್ನೆ. ಸೌರಕೋಶದ ಇತಿಹಾಸವೆಂದರೆ ಬಹುಮಟ್ಟಿಗೆ ಈ ತೂತುಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿದವರ ಇತಿಹಾಸ.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಮೊದಲು ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. ಅದು 1839ನೇ ಇಸವಿ. ಆಗ ಅವನ ವಯಸ್ಸು ಕೇವಲ ಹತ್ತೊಂಬತ್ತು! ತಂದೆಯ ಪ್ರಯೋಗಾಲಯದಲ್ಲಿ ದ್ರಾವಣವೊಂದರಲ್ಲಿ ಮುಳುಗಿಸಿದ ಲೋಹದ ಪಟ್ಟಿಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ ಹರಿಯುವುದನ್ನು ಅವನು ಗಮನಿಸಿದ. 1873ರಲ್ಲಿ ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸುತ್ತಿದ್ದ ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಇಂಜಿನಿಯರ್, ಸೆಲೆನಿಯಂ ಎಂಬ ಧಾತುವಿನ ವಿದ್ಯುದ್ವಾಹಕತೆ ಬೆಳಕಿಗೆ ತಕ್ಕಂತೆ ಬದಲಾಗುವುದನ್ನು ಕಂಡ. ಮೂರು ವರ್ಷಗಳ ನಂತರ ಆಡಮ್ಸ್ ಮತ್ತು ಡೇ ಎಂಬಿಬ್ಬರು ಬೆಳಕೊಂದರಿಂದಲೇ ಸೆಲೆನಿಯಂನಲ್ಲಿ ವಿದ್ಯುತ್ತು ಹುಟ್ಟುವುದನ್ನು ತೋರಿಸಿದರು. 1883ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ಚಿನ್ನದ ತೆಳುಪದರ ಹೊದಿಸಿ ಕೋಶವನ್ನೇ ತಯಾರಿಸಿದ. ಅದರ ದಕ್ಷತೆ ಶೇ. 1ಕ್ಕಿಂತ ಕಡಿಮೆ. ಮುಂದಿನ ಎಪ್ಪತ್ತು ವರ್ಷ ಸೆಲೆನಿಯಂ ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಸಿಲಿಕಾನ್ ಈ ಕಥೆಯೊಳಗೆ ಬಂದದ್ದು ಒಂದು ಬಿರುಕಿನಿಂದ. 1940ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಸೆಲ್ ಓಲ್ ಎಂಬವರು ರೇಡಿಯೋ ಉಪಕರಣಗಳಿಗಾಗಿ ಸಿಲಿಕಾನ್ ತುಂಡುಗಳನ್ನು ಪರೀಕ್ಷಿಸುತ್ತಿದ್ದರು. ನಡುವೆ ಬಿರುಕು ಬಿಟ್ಟಿದ್ದ ಒಂದು ತುಂಡು ವಿಚಿತ್ರವಾಗಿ ವರ್ತಿಸುತ್ತಿತ್ತು. ಅದರ ಮೇಲೆ ದೀಪದ ಬೆಳಕು ಬಿದ್ದರೆ ಸಾಕು, ಮೀಟರಿನ ಮುಳ್ಳು ಜಿಗಿಯುತ್ತಿತ್ತು. ಕರಗಿದ ಸಿಲಿಕಾನ್ ತಣಿಯುವಾಗ ಅದರೊಳಗಿನ ಕಲ್ಮಶಗಳು ಬೇರೆ ಬೇರೆ ಕಡೆ ಸರಿದು, ತುಂಡಿನ ಎರಡು ಭಾಗಗಳು ಎರಡು ಗುಣದವಾಗಿದ್ದವು. ಒಂದು ಭಾಗದಲ್ಲಿ ಎಲೆಕ್ಟ್ರಾನುಗಳು ಹೆಚ್ಚು, ಇನ್ನೊಂದರಲ್ಲಿ ಎಲೆಕ್ಟ್ರಾನ್ ಇರಬೇಕಾದ ಜಾಗಗಳು ಖಾಲಿ. ಇವೆರಡೂ ಸೇರುವ ಗಡಿಯನ್ನೇ ಇಂದು ನಿಮ್ಮ ಪಠ್ಯಪುಸ್ತಕ ಪಿ-ಎನ್ ಸಂಧಿ ಎನ್ನುತ್ತದೆ. ಬೆಳಕು ಎಲೆಕ್ಟ್ರಾನನ್ನು ಅದರ ಸ್ಥಾನದಿಂದ ಬಿಡಿಸುತ್ತದೆ, ಈ ಗಡಿ ಅದನ್ನು ಒಂದು ಕಡೆಗೆ ತಳ್ಳುತ್ತದೆ. ಹೀಗೆ ತಳ್ಳಿಸಿಕೊಂಡ ಎಲೆಕ್ಟ್ರಾನುಗಳ ಪ್ರವಾಹವೇ ನಮ್ಮ ಬಲ್ಬನ್ನು ಬೆಳಗಿಸುವ ವಿದ್ಯುತ್ತು. ಓಲ್ ಅವರ ತುಂಡಿನ ದಕ್ಷತೆಯೂ ಸುಮಾರು ಶೇ. 1 ಮಾತ್ರ. ಆದರೆ ದಾರಿ ಕಂಡಿತ್ತು.

ತೇವದ ನಾಡಿನ ಟೆಲಿಫೋನ್

1952ರ ಸುಮಾರಿಗೆ ಅದೇ ಬೆಲ್ ಸಂಸ್ಥೆಗೆ ಬೇರೊಂದು ತಲೆನೋವು ಎದುರಾಗಿತ್ತು. ಉಷ್ಣವಲಯದ ತೇವದ ಪ್ರದೇಶಗಳಲ್ಲಿ, ಅಂದರೆ ನಮ್ಮ ಕರಾವಳಿಯಂಥ ಹವೆ ಇರುವಲ್ಲಿ, ದೂರದ ಟೆಲಿಫೋನ್ ಸಲಕರಣೆಗಳಿಗೆ ಹಾಕಿದ ಒಣ ಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು. ಬೇರೆ ಮಾರ್ಗ ಹುಡುಕುವ ಕೆಲಸ ಡ್ಯಾರಿಲ್ ಚಾಪಿನ್ ಎಂಬ ಇಂಜಿನಿಯರರಿಗೆ ಬಂತು. ಅವರು ಸೆಲೆನಿಯಂ ಕೋಶಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಶೇ. 0.5ರಷ್ಟೂ ಸಿಗುವುದು ಕಷ್ಟವಾಗಿತ್ತು.

ಇದೇ ಹೊತ್ತಿಗೆ ಅದೇ ಸಂಸ್ಥೆಯ ಇನ್ನೊಂದು ಕೋಣೆಯಲ್ಲಿ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಫುಲ್ಲರ್ ಮತ್ತು ಭೌತಶಾಸ್ತ್ರಜ್ಞ ಜೆರಾಲ್ಡ್ ಪಿಯರ್ಸನ್ ಸಿಲಿಕಾನಿಗೆ ಬೇಕೆಂದೇ ಕಲ್ಮಶ ಸೇರಿಸುವ ಪ್ರಯೋಗ ನಡೆಸುತ್ತಿದ್ದರು. ಅವರ ಒಂದು ತುಂಡಿನ ಮೇಲೆ ಬೆಳಕು ಬಿದ್ದಾಗ ನಿರೀಕ್ಷೆಗೂ ಮೀರಿ ವಿದ್ಯುತ್ತು ಬಂತು. ಪಿಯರ್ಸನ್ ತಮ್ಮ ಗೆಳೆಯ ಚಾಪಿನ್ನರ ಬಳಿಗೆ ಹೋಗಿ, ಇನ್ನು ಸೆಲೆನಿಯಂ ಹಿಂದೆ ಸಮಯ ಕಳೆಯಬೇಡ ಎಂದರು. ಆ ಸಿಲಿಕಾನ್ ತುಂಡು ಕೊಟ್ಟದ್ದು ಶೇ. 2.3. ಆದರೆ ಅದರಲ್ಲಿ ಬಳಸಿದ ಲಿಥಿಯಂ ಸುಮ್ಮನಿರುವ ಜಾತಿಯದಲ್ಲ. ಕೋಣೆಯ ಉಷ್ಣತೆಯಲ್ಲೇ ಒಳಗೊಳಗೆ ಸರಿಯುತ್ತ ಸಂಧಿಯನ್ನು ಮೇಲ್ಮೈಯಿಂದ ದೂರ ಒಯ್ಯುತ್ತಿತ್ತು. ಫುಲ್ಲರ್ ಲಿಥಿಯಂ ಕೈಬಿಟ್ಟು, ಆರ್ಸೆನಿಕ್ ಬೆರೆತ ಸಿಲಿಕಾನಿನ ಮೇಲೆ ಬೋರಾನಿನ ಅತಿ ತೆಳುವಾದ ಪದರವನ್ನು ಮೂಡಿಸಿದರು. ದಕ್ಷತೆ ಶೇ. 6ಕ್ಕೆ ಏರಿತು. 1954ರ ಏಪ್ರಿಲ್ 25ರಂದು ಬೆಲ್ ಸಂಸ್ಥೆ ಈ 'ಸೌರ ಬ್ಯಾಟರಿ'ಯಿಂದ ಆಟಿಕೆಯ ತಿರುಗುಚಕ್ರವೊಂದನ್ನು ತಿರುಗಿಸಿ ಜಗತ್ತಿಗೆ ತೋರಿಸಿತು. ಮರುದಿನ ಅದು ಅಮೆರಿಕದ ಪತ್ರಿಕೆಗಳ ಮುಖಪುಟಕ್ಕೇರಿತು.

ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ಭೌತಶಾಸ್ತ್ರಜ್ಞ, ಒಬ್ಬ ಇಂಜಿನಿಯರ್. ಮೂವರಲ್ಲಿ ಯಾರೊಬ್ಬರಿಂದಲೂ ಇದು ಒಂಟಿಯಾಗಿ ಆಗುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಆದರೆ ಬೆಲೆ? 1956ರ ಲೆಕ್ಕದಲ್ಲಿ ಒಂದು ವ್ಯಾಟ್ ಕೊಡುವ ಕೋಶಕ್ಕೆ 286 ಡಾಲರ್. ಒಂದು ಸಾಧಾರಣ ಅಮೆರಿಕನ್ ಮನೆಗೆ ಬೇಕಾದಷ್ಟು ಕೋಶ ಹಾಕಿಸಲು 14,30,000 ಡಾಲರ್ ಬೇಕೆಂದು ಸ್ವತಃ ಚಾಪಿನ್ನರೇ ಲೆಕ್ಕ ಹಾಕಿದರು. ಆದ್ದರಿಂದ ಇದನ್ನು ಕೊಳ್ಳುವ ಧೈರ್ಯವಿದ್ದದ್ದು ಬಾಹ್ಯಾಕಾಶಕ್ಕೆ ಕೈಹಾಕಿದವರಿಗೆ ಮಾತ್ರ. 1958ರ ಮಾರ್ಚ್ 17ರಂದು ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹ ನಮ್ಮ ಚಕ್ಕೋತ ಹಣ್ಣಿನಷ್ಟು ದೊಡ್ಡದು, ಒಂದೂವರೆ ಕಿಲೋ ತೂಕ. ಅದರಲ್ಲಿದ್ದ ಬ್ಯಾಟರಿಯ ಟ್ರಾನ್ಸ್‌ಮಿಟರ್ ಕೆಲವೇ ವಾರಗಳಲ್ಲಿ ಸುಮ್ಮನಾಯಿತು. ಸೌರಕೋಶದ ಟ್ರಾನ್ಸ್‌ಮಿಟರ್ 1964ರವರೆಗೂ ಮಾತನಾಡುತ್ತಲೇ ಇತ್ತು. ಸೌರಕೋಶವನ್ನು ಬೇಡವೆಂದವರ ಬಾಯಿ ಅಲ್ಲಿಗೆ ಮುಚ್ಚಿತು. ಉಪಗ್ರಹದ ಮೇಲೆ ಜಾಗ ಕಡಿಮೆ, ಪ್ರತಿ ಚದರ ಸೆಂಟಿಮೀಟರಿಗೂ ಲೆಕ್ಕವಿದೆ. ಹಾಗಾಗಿ ದಕ್ಷತೆ ಏರಿಸುವ ಒತ್ತಡ ಬಂದದ್ದೂ ಅಲ್ಲಿಂದಲೇ. ಹಾಫ್‌ಮನ್ ಎಂಬ ಅಮೆರಿಕನ್ ಕಂಪೆನಿ ಕೋಶದ ಮುಖದ ಮೇಲೆ ಲೋಹದ ಸಣ್ಣ ಗೆರೆಗಳ ಜಾಲ ಹಾಕಿ 1959ರಲ್ಲಿ ಶೇ. 10, ಮರುವರ್ಷ ಶೇ. 14 ಮುಟ್ಟಿತು. ಇಂದೂ ಸೌರಫಲಕದ ಮೇಲೆ ನೀವು ಕಾಣುವ ತೆಳು ಬಿಳಿಗೆರೆಗಳು ಆ ಜಾಲದ ಸಂತತಿ.

ಪ್ರಶ್ನೆಪತ್ರಿಕೆ ನೂರು ಅಂಕದ್ದಲ್ಲ

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. 1961ರಲ್ಲಿ ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ ಎಂಬಿಬ್ಬರು ವಿಜ್ಞಾನಿಗಳು ಒಂದೇ ಸಂಧಿಯಿರುವ ಸೌರಕೋಶ ಎಷ್ಟೇ ಪರಿಪೂರ್ಣವಾಗಿದ್ದರೂ ಸುಮಾರು ಶೇ. 30 ದಾಟಲಾರದೆಂದು ಲೆಕ್ಕ ಹಾಕಿ ತೋರಿಸಿದರು. ಕಾರಣ ಸಿಲಿಕಾನಿನ ಸ್ವಭಾವದಲ್ಲೇ ಇದೆ. ಅದರ ಎಲೆಕ್ಟ್ರಾನನ್ನು ಬಿಡಿಸಲು ಬೆಳಕಿನ ಕಣಕ್ಕೆ ಒಂದು ಕನಿಷ್ಠ ಶಕ್ತಿ ಇರಲೇಬೇಕು, 1.1 ಎಲೆಕ್ಟ್ರಾನ್ ವೋಲ್ಟ್. ಬಿಸಿಲಿನ ಅವಕೆಂಪು ಭಾಗದ ಬಹಳಷ್ಟು ಕಣಗಳಿಗೆ ಅಷ್ಟು ಶಕ್ತಿಯಿಲ್ಲ, ಅವು ಗಾಜಿನಲ್ಲಿ ಹಾದುಹೋದಂತೆ ಹಾದುಹೋಗುತ್ತವೆ. ನೀಲಿ, ನೇರಳೆ ಕಣಗಳಿಗೆ ಅದಕ್ಕಿಂತ ಎರಡು ಪಟ್ಟು, ಇನ್ನೂ ಹೆಚ್ಚು ಶಕ್ತಿಯಿದೆ. ಆದರೆ ಒಂದು ಕಣ ಬಿಡಿಸುವುದು ಒಂದೇ ಎಲೆಕ್ಟ್ರಾನನ್ನು. ಮಿಕ್ಕ ಶಕ್ತಿ ಶಾಖವಾಗಿ ಹೋಗುತ್ತದೆ. ಹತ್ತು ರೂಪಾಯಿಯ ಟಿಕೆಟ್ ಕೊಡುವ ಕಿಟಕಿಯಲ್ಲಿ ಐದು ರೂಪಾಯಿ ಇದ್ದವನಿಗೆ ಟಿಕೆಟ್ ಇಲ್ಲ, ಐವತ್ತು ಕೊಟ್ಟವನಿಗೆ ಚಿಲ್ಲರೆ ಇಲ್ಲ! ಬಿಸಿಲಿನ ಸುಮಾರು ಅರ್ಧ ಶಕ್ತಿ ಈ ಎರಡು ದಾರಿಯಲ್ಲೇ ಕಳೆದುಹೋಗುತ್ತದೆ. ಯಾವ ಇಂಜಿನಿಯರನೂ ಆ ತೂತುಗಳನ್ನು ಮುಚ್ಚಲಾರ. ಬಿಡುಗಡೆಯಾದ ಎಲೆಕ್ಟ್ರಾನುಗಳಲ್ಲಿ ಕೆಲವು ಮತ್ತೆ ಖಾಲಿ ಜಾಗಕ್ಕೆ ಬಿದ್ದೇ ಬೀಳುತ್ತವೆ ಎಂಬುದನ್ನೂ ಸೇರಿಸಿಕೊಂಡು 2013ರಲ್ಲಿ ಜರ್ಮನಿಯ ಸಂಶೋಧಕರು ಸಿಲಿಕಾನಿನ ಕಟ್ಟಕಡೆಯ ಮಿತಿಯನ್ನು ಶೇ. 29.4 ಎಂದು ಗೊತ್ತುಮಾಡಿದರು.

ಹಾಗಾದರೆ ಪ್ರಶ್ನೆಪತ್ರಿಕೆ ನೂರು ಅಂಕದ್ದಲ್ಲ, 29.4 ಅಂಕದ್ದು. ಅದರಲ್ಲಿ 25 ತೆಗೆದವನು ಶೇಕಡಾ 85ರ ವಿದ್ಯಾರ್ಥಿ. ಇಷ್ಟನ್ನು ಅಂದೇ ಹೇಳಿದ್ದರೆ ಆ ಮಗುವಿಗೆ ಸಮಾಧಾನವಾಗುತ್ತಿತ್ತು.

ಆದರೂ 1960ರ ದಶಕದುದ್ದಕ್ಕೂ ಸಿಲಿಕಾನ್ 14ರ ಆಸುಪಾಸಿನಲ್ಲೇ ಕುಳಿತಿತ್ತು. ಮಿತಿ ಅಷ್ಟು ಮೇಲಿರುವಾಗ ಇಷ್ಟು ಕೆಳಗೆ ಏಕೆ ನಿಂತಿತು? ಸಂವಹನ ಉಪಗ್ರಹಗಳ ಕೆಲಸದಲ್ಲಿದ್ದ ಕಾಮ್‌ಸ್ಯಾಟ್ ಸಂಸ್ಥೆಯ ಜೋಸೆಫ್ ಲಿಂಡ್‌ಮೇಯರ್ ಇದಕ್ಕೆ ಒಂದು ಉತ್ತರ ಕಂಡುಕೊಂಡರು. ಕೋಶದ ಮೇಲ್ಪದರಕ್ಕೆ ಎಲ್ಲರೂ ರಂಜಕವನ್ನು ಧಾರಾಳವಾಗಿ ತುಂಬುತ್ತಿದ್ದರು. ಅತಿಯಾಗಿ ತುಂಬಿದ ಆ ಪದರ ಸತ್ತ ಚರ್ಮದಂತಾಗಿತ್ತು. ನೀಲಿ ಬೆಳಕು ಅಲ್ಲೇ ಹೀರಲ್ಪಟ್ಟು ಅಲ್ಲೇ ವ್ಯರ್ಥವಾಗುತ್ತಿತ್ತು. ಅವರು ಪದರವನ್ನು ತೆಳುಮಾಡಿ ಲೋಹದ ಗೆರೆಗಳನ್ನು ಇನ್ನಷ್ಟು ಸಣ್ಣದಾಗಿ, ಒತ್ತೊತ್ತಾಗಿ ಹಾಕಿದರು. 1972ರ ಈ 'ನೇರಳೆ ಕೋಶ' ಹತ್ತು ವರ್ಷದ ಜಡತ್ವವನ್ನು ಮುರಿಯಿತು. ಎರಡು ವರ್ಷಗಳಲ್ಲಿ ಅದೇ ಸಂಸ್ಥೆ 'ಕಪ್ಪು ಕೋಶ'ವನ್ನೂ ತಂದಿತು. ನುಣುಪಾದ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನ ಮೂರನೇ ಒಂದು ಪಾಲನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಕ್ಷಾರದ ದ್ರಾವಣದಲ್ಲಿ ಅದ್ದಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಿರಮಿಡ್ಡುಗಳು ಏಳುತ್ತವೆ. ಒಂದು ಪಿರಮಿಡ್ಡಿಗೆ ಬಡಿದು ಹೊರಟ ಬೆಳಕು ಪಕ್ಕದ ಪಿರಮಿಡ್ಡಿಗೆ ಸಿಕ್ಕಿಬೀಳುತ್ತದೆ. ಬೆಳಕು ಹಿಂದಿರುಗದ ವಸ್ತು ಕಪ್ಪಾಗಿ ಕಾಣಲೇಬೇಕಲ್ಲವೇ?

ಇದೇ ವರ್ಷಗಳಲ್ಲಿ ಭೂಮಿಯ ಮೇಲೂ ಸೌರಕೋಶಕ್ಕೆ ಗಿರಾಕಿಗಳು ಬಂದರು. 1973ರ ಅಕ್ಟೋಬರ್ ಯುದ್ಧದ ವೇಳೆ ಅರಬ್ ರಾಷ್ಟ್ರಗಳು ತೈಲ ರಫ್ತಿಗೆ ತಡೆ ಹಾಕಿದ ಮೇಲೆ ಜಗತ್ತು ಎಚ್ಚೆತ್ತಿತು ಎಂದು ಎಲ್ಲರೂ ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಅದಕ್ಕೂ ಕೆಲವು ತಿಂಗಳು ಮೊದಲೇ ಎಕ್ಸಾನ್ ತೈಲ ಕಂಪೆನಿಯ ಹಣದಿಂದ ಎಲಿಯಟ್ ಬರ್ಮನ್ ಎಂಬವರು ಸೌರಕೋಶದ ಕಂಪೆನಿ ತೆರೆದಿದ್ದರು ಎಂಬುದನ್ನು ಮರೆಯುವಂತಿಲ್ಲ. ಅವರು ದಕ್ಷತೆಯ ಹಿಂದೆ ಬೀಳಲಿಲ್ಲ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬೇಡವೆಂದು ತೆಗೆದಿಟ್ಟ ಸಿಲಿಕಾನ್ ಬಿಲ್ಲೆಗಳನ್ನು ಕೊಂಡು, ವ್ಯಾಟಿಗೆ 100 ಡಾಲರ್ ಇದ್ದ ಬೆಲೆಯನ್ನು 20 ಡಾಲರಿಗೆ ಇಳಿಸಿದರು. ಅವುಗಳ ಮೊದಲ ದೊಡ್ಡ ಗಿರಾಕಿಗಳಲ್ಲಿ ಒಂದು ಯಾವುದು ಗೊತ್ತೇ? ಸಮುದ್ರದ ನಡುವಿನ ತೈಲಬಾವಿಗಳ ಎಚ್ಚರಿಕೆ ದೀಪಗಳು! ನಮ್ಮ ದೇಶದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1977ರಲ್ಲಿ ಮೊದಲ ಸೌರಕೋಶವನ್ನು ತಯಾರಿಸಿತು. 1981ರಲ್ಲಿ ಸೌದಿ ಅರೇಬಿಯಾದ ರಿಯಾದ್ ಬಳಿಯ ಅಲ್-ಉಯಯ್ನಾ ಸುತ್ತಲಿನ ಹಳ್ಳಿಗಳಿಗಾಗಿ, ಮಸೂರಗಳಿಂದ ಬಿಸಿಲನ್ನು ಒಟ್ಟುಗೂಡಿಸಿ ಸಿಲಿಕಾನ್ ಕೋಶಗಳ ಮೇಲೆ ಬೀಳಿಸುವ 350 ಕಿಲೋವ್ಯಾಟ್ ಸ್ಥಾವರ ನಿಂತಿತು. ತೈಲದ ನಾಡೇ ಬಿಸಿಲಿನ ಕಡೆ ನೋಡಿದ ಆ ಸಂಗತಿ ನಮ್ಮಲ್ಲಿ ಗಲ್ಫಿಗೆ ದುಡಿಯಲು ಹೋದ ಎಷ್ಟೋ ಮಂದಿಗೂ ತಿಳಿದಿರಲಿಕ್ಕಿಲ್ಲ.

ಮೇಲ್ಮೈಯ ಗಾಯ

ಇನ್ನು ನಾನು ಹೇಳಲೇಬೇಕೆಂದುಕೊಂಡ ವಿಷಯಕ್ಕೆ ಬರುತ್ತೇನೆ.

ಸಿಲಿಕಾನ್ ಹರಳಿನೊಳಗೆ ಪ್ರತಿ ಪರಮಾಣುವೂ ನಾಲ್ಕು ನೆರೆಯವರ ಕೈ ಹಿಡಿದಿರುತ್ತದೆ. ಆದರೆ ಹರಳನ್ನು ಕತ್ತರಿಸಿದಾಗ ಮೇಲ್ಮೈಯಲ್ಲಿರುವ ಪರಮಾಣುಗಳ ಒಂದು ಕೈ ಗಾಳಿಯಲ್ಲಿ ತೂಗಾಡುತ್ತದೆ. ಬೆಳಕಿನಿಂದ ಬಿಡುಗಡೆಯಾಗಿ ಬಂದ ಎಲೆಕ್ಟ್ರಾನುಗಳನ್ನು ಈ ಖಾಲಿ ಕೈಗಳು ಹಿಡಿದುಕೊಂಡುಬಿಡುತ್ತವೆ. ಕೊಡದ ತೂತುಗಳಲ್ಲೆಲ್ಲ ಅತಿ ಕಾಡಿದ್ದು ಇದೇ. ಇದನ್ನು ಮುಚ್ಚುವ ಉಪಾಯ ಸೌರಕೋಶದವರಿಂದ ಬರಲಿಲ್ಲ, ಟ್ರಾನ್ಸಿಸ್ಟರ್ ಮಾಡುವವರಿಂದ ಬಂತು. ತಂದವರು ಮೊಹಮ್ಮದ್ ಅತಲ್ಲಾ.

1924ರಲ್ಲಿ ಈಜಿಪ್ಟಿನ ಪೋರ್ಟ್ ಸೈದ್ ಪಟ್ಟಣದಲ್ಲಿ ಹುಟ್ಟಿದ ಅತಲ್ಲಾ ಕೈರೋ ವಿಶ್ವವಿದ್ಯಾಲಯದಲ್ಲಿ ಓದಿ, ಉನ್ನತ ವ್ಯಾಸಂಗಕ್ಕೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ವಿಷಯ ಮೆಕ್ಯಾನಿಕಲ್ ಇಂಜಿನಿಯರಿಂಗ್. 1949ರಲ್ಲಿ ಡಾಕ್ಟರೇಟ್ ಪಡೆದು ಬೆಲ್ ಪ್ರಯೋಗಾಲಯ ಸೇರಿದರು. ಸಿಲಿಕಾನಿನ ಮೇಲೆ ಆಕ್ಸೈಡ್ ಬೆಳೆಸಬಹುದೆಂಬುದು ಅಲ್ಲಿ ಅದಾಗಲೇ ತಿಳಿದಿತ್ತು. ಆದರೆ ಅತ್ಯಂತ ಶುದ್ಧವಾಗಿ ತೊಳೆದ ಸಿಲಿಕಾನನ್ನು ಹೆಚ್ಚಿನ ಉಷ್ಣತೆಯಲ್ಲಿ ಆಮ್ಲಜನಕಕ್ಕೆ ಒಡ್ಡಿ ಎಚ್ಚರದಿಂದ ಆಕ್ಸೈಡ್ ಪದರ ಬೆಳೆಸಿದರೆ, ಆ ತೂಗಾಡುವ ಕೈಗಳಲ್ಲಿ ಬಹುಪಾಲು ಆಮ್ಲಜನಕವನ್ನು ಹಿಡಿದು ಶಾಂತವಾಗುತ್ತವೆ ಎಂಬುದನ್ನು ಅತಲ್ಲಾ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. 1959ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಅತಲ್ಲಾ ಮತ್ತು ಕೊರಿಯಾ ಮೂಲದ ಡಾವನ್ ಕಾಂಗ್ ಸೇರಿ ತಯಾರಿಸಿದ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಇಂದು ಪ್ರತಿಯೊಂದು ಕಂಪ್ಯೂಟರ್, ಮೊಬೈಲಿನೊಳಗೂ ಇದೆ. ಎ.ಟಿ.ಎಂ. ಯಂತ್ರಕ್ಕೆ ನಾವು ಒತ್ತುವ ಗುಪ್ತ ಸಂಖ್ಯೆಯನ್ನು ಕಾಪಾಡುವ ಪೆಟ್ಟಿಗೆಯನ್ನು 1970ರ ದಶಕದಲ್ಲಿ ರೂಪಿಸಿದವರೂ ಇದೇ ಅತಲ್ಲಾ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರನ್ನು ನಾನಂತೂ ಕಂಡಿಲ್ಲ.

ಸೌರಕೋಶದವರು ಈ ಉಪಾಯವನ್ನು ಮನಸ್ಸಿಟ್ಟು ಬಳಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ತೆಗೆದುಕೊಂಡರು. ಅದನ್ನು ತುದಿಮುಟ್ಟಿಸಿದ್ದು ಆಸ್ಟ್ರೇಲಿಯದ ಸಿಡ್ನಿಯಲ್ಲಿರುವ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಅವರ ಗುಂಪು. 1974ರಲ್ಲಿ ಅಲ್ಲಿಗೆ ಅಧ್ಯಾಪಕರಾಗಿ ಬಂದ ಗ್ರೀನ್, ಮೊದಲು ಕೋಶದ ಮೇಲ್ಮುಖಕ್ಕೆ ತೆಳು ಆಕ್ಸೈಡ್ ಹೊದಿಸಿದರು. 1983ರಲ್ಲಿ ಶೇ. 18, 1985ರಲ್ಲಿ ಶೇ. 20. ಆಮೇಲೆ ಅವರ ಗಮನ ಬೆನ್ನಿನ ಕಡೆ ಹೊರಳಿತು. ಅಲ್ಲಿಯವರೆಗೆ ಕೋಶದ ಹಿಂಬದಿಗೆ ಪೂರ್ತಿ ಅಲ್ಯೂಮಿನಿಯಂ ಬಳಿಯುತ್ತಿದ್ದರು; ಲೋಹ ಸಿಲಿಕಾನನ್ನು ಮುಟ್ಟಿದಲ್ಲೆಲ್ಲ ಎಲೆಕ್ಟ್ರಾನುಗಳು ನಷ್ಟವಾಗುತ್ತಿದ್ದವು. ಗ್ರೀನ್ ಮತ್ತು ಅವರ ಶಿಷ್ಯರು ಹಿಂಬದಿಗೂ ಆಕ್ಸೈಡ್ ಹೊದಿಸಿ, ಅದರಲ್ಲಿ ಅಲ್ಲಲ್ಲಿ ಸಣ್ಣ ಕಿಂಡಿಗಳನ್ನಷ್ಟೇ ತೆರೆದು ಲೋಹವನ್ನು ಮುಟ್ಟಿಸಿದರು. ಆಂಡ್ರ್ಯೂ ಬ್ಲೇಕರ್ಸ್, ಐಹುವಾ ವಾಂಗ್, ಜಿಯಾನ್‌ಹುವಾ ಜಾವೋ ಮೊದಲಾದವರೊಡನೆ 1989ರಲ್ಲಿ ಪ್ರಕಟಿಸಿದ ಆ 'ಪರ್ಕ್' ಕೋಶ ಶೇ. 22.8 ಕೊಟ್ಟಿತು. ಮುಂದಿನ ಹತ್ತು ವರ್ಷ ಇದೇ ದಾರಿಯಲ್ಲಿ ಒಂದೊಂದು ದಶಾಂಶಕ್ಕಾಗಿ ದುಡಿದು 1999ರ ಹೊತ್ತಿಗೆ 24.7 ಮುಟ್ಟಿದರು.

ಇಲ್ಲಿ ವಿದ್ಯಾರ್ಥಿಗಳಿಗೆ ಖುಷಿ ಕೊಡುವ ಒಂದು ಸಂಗತಿಯಿದೆ. 2008ರಲ್ಲಿ ಈ 24.7 ಎಂಬುದು 25.0 ಆಯಿತು. ಕೋಶವನ್ನು ಯಾರೂ ಮುಟ್ಟಲಿಲ್ಲ. ಅಳತೆಗೆ ಬಳಸುವ 'ಮಾದರಿ ಬಿಸಿಲಿನ' ಲೆಕ್ಕವನ್ನು ಅಂತಾರಾಷ್ಟ್ರೀಯ ತಜ್ಞರು ತಿದ್ದಿದ್ದರಿಂದ ಹಳೆಯ ಕೋಶಕ್ಕೆ ಹೊಸ ಅಂಕ ಸಿಕ್ಕಿತು. ಮರುಮೌಲ್ಯಮಾಪನದಲ್ಲಿ ಅಂಕ ಹೆಚ್ಚಾಗುವುದು ನಮ್ಮ ಪಿ.ಯು. ಪರೀಕ್ಷೆಯಲ್ಲಿ ಮಾತ್ರವಲ್ಲ! ಆ ಚಾರ್ಟಿನಲ್ಲಿ ಮಕ್ಕಳು ಬರೆದಿದ್ದ 25 ಇದೇ.

ಗ್ರೀನ್ ಅವರ ಬಳಿ ಓದಲು ಚೀನಾದಿಂದ ಬಂದಿದ್ದ ಶಿ ಝೆಂಗ್‌ರಾಂಗ್ 1992ರಲ್ಲಿ ಡಾಕ್ಟರೇಟ್ ಪಡೆದು, 2001ರಲ್ಲಿ ಊರಿಗೆ ಮರಳಿ ವೂಶಿ ನಗರದಲ್ಲಿ ಸನ್‌ಟೆಕ್ ಕಂಪೆನಿ ಕಟ್ಟಿದರು. 2005ರಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆಗೇರಿತು. ಅದನ್ನು ನೋಡಿ ಚೀನಾದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಎಷ್ಟೆಂದರೆ ಬೆಲೆ ಕುಸಿದು 2013ರಲ್ಲಿ ಸನ್‌ಟೆಕ್‌ನ ಮುಖ್ಯ ಘಟಕವೇ ದಿವಾಳಿಯಾಯಿತು. ವ್ಯಾಪಾರಿಯಾಗಿ ಆತ ಸೋತರೆಂದು ಹೇಳುವುದು ಸುಲಭ. ಆದರೆ 1956ರಲ್ಲಿ 286 ಡಾಲರ್ ಇದ್ದ ಒಂದು ವ್ಯಾಟಿನ ಬೆಲೆ 2024ರಲ್ಲಿ 20 ಸೆಂಟಿಗಿಂತ ಕೆಳಗಿಳಿದಿತ್ತೆಂದರೆ ಅದರ ಹಿಂದೆ ಸಿಡ್ನಿಯ ಆ ತರಗತಿಯಿಂದ ಹೊರಟವರ ಪಾಲು ದೊಡ್ಡದು. ಪರ್ಕ್ ಕೋಶವೂ ಪ್ರಯೋಗಾಲಯದಿಂದ ಕಾರ್ಖಾನೆಗೆ ಬರಲು ಸುಮಾರು ಕಾಲು ಶತಮಾನ ಹಿಡಿಯಿತು; 2010ರ ದಶಕದ ಕೊನೆಗೆ ಜಗತ್ತಿನ ಹೆಚ್ಚಿನ ಸೌರಫಲಕಗಳು ಅದೇ ಮಾದರಿಯವಾದವು. 2023ರಲ್ಲಿ ಗ್ರೀನ್, ಬ್ಲೇಕರ್ಸ್, ವಾಂಗ್, ಜಾವೋ ನಾಲ್ವರಿಗೂ ಕ್ವೀನ್ ಎಲಿಜಬೆತ್ ಇಂಜಿನಿಯರಿಂಗ್ ಪ್ರಶಸ್ತಿ ಬಂತು.

25ರ ನಂತರದ ಕಥೆ ಚಿಕ್ಕದು. ಜಪಾನಿನ ಸ್ಯಾನಿಯೊ ಕಂಪೆನಿ, ಸಿಲಿಕಾನಿನ ಎರಡೂ ಮೈಗೆ ಹರಳುರೂಪವಿಲ್ಲದ ಸಿಲಿಕಾನಿನ ಪದರ ಹೊದಿಸಿ ಆ ಖಾಲಿ ಕೈಗಳನ್ನು ಇನ್ನೂ ಚೆನ್ನಾಗಿ ಸುಮ್ಮನಾಗಿಸುವ ವಿಧಾನ ಬೆಳೆಸಿತ್ತು. ಅದನ್ನು ಕೊಂಡ ಪ್ಯಾನಸೋನಿಕ್, ಲೋಹದ ಗೆರೆಗಳೆಲ್ಲವನ್ನೂ ಹಿಂಬದಿಗೆ ಸರಿಸಿ 2014ರಲ್ಲಿ ಶೇ. 25.6 ತಲುಪಿತು. 2017ರಲ್ಲಿ ಜಪಾನಿನ ಕನೆಕಾ 26.6 ದಾಟಿತು. 2022ರ ನವೆಂಬರಿನಲ್ಲಿ ಚೀನಾದ ಲಾಂಗಿ 26.81, 2024ರಲ್ಲಿ 27.3. ಪತ್ರಿಕೆಯ ಪೂರ್ಣಾಂಕ 29.4 ಎಂಬುದನ್ನು ನೆನಪಿಟ್ಟುಕೊಂಡು ಓದಿ.

ಅರ್ಧ, ಕಾಲು ಶೇಕಡಾದ ಈ ಜಗಳ ನಮಗೇಕೆ ಎಂದು ನೀವು ಕೇಳಬಹುದು. ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. 2019ರ ಕೊನೆಗೆ ಪೂರ್ಣಗೊಂಡ ಅಲ್ಲಿಯ ಸೌರ ಉದ್ಯಾನ 2050 ಮೆಗಾವ್ಯಾಟಿನದು, ವಿಸ್ತಾರ ಸುಮಾರು 13,000 ಎಕರೆ. ರೈತರು ಜಮೀನನ್ನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಕೊಟ್ಟರು. ಬರಗಾಲದ ಸೀಮೆಯಲ್ಲಿ ಅದು ನಿಶ್ಚಿತ ಆದಾಯ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ, ತಮ್ಮದೆಂಬ ಜಮೀನಿಲ್ಲದವರಿಗೆ ಗುತ್ತಿಗೆಯ ಹಣವಿಲ್ಲ. ಆ ಕಾಲದ ಸಾಮಾನ್ಯ ಫಲಕಗಳ ದಕ್ಷತೆ ಶೇ. 16-17. ಶೇ. 22ರ ಫಲಕಗಳಾದರೆ ಅಷ್ಟೇ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಪಾಲು ಜಾಗ ಸಾಕು. ಉಳಿಯುವ ಕಾಲು ಭಾಗ ಎಂದರೆ ಮೂರು ಸಾವಿರಕ್ಕೂ ಹೆಚ್ಚು ಎಕರೆ. ಪ್ರಯೋಗಾಲಯದಲ್ಲಿ ದಶಾಂಶ ಬಿಂದುವಿನ ಆಚೆ ಕಾಣುವುದು ಹಳ್ಳಿಯಲ್ಲಿ ಹೊಲವಾಗಿ, ಹುಲ್ಲುಗಾವಲಾಗಿ ಕಾಣುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಮನೆಗೆ ಫಲಕ ಹಾಕಿಸುವವರಿಗೆ ಉಪಯೋಗವಾದೀತು. ಫಲಕದ ಹಿಂದೆ ಅಂಟಿಸಿದ ಚೀಟಿಯಲ್ಲಿರುವ ವ್ಯಾಟುಗಳ ಲೆಕ್ಕ ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ತಾರಸಿಯ ಮೇಲಿನ ಕೋಶ 60 ಡಿಗ್ರಿ ಮುಟ್ಟುತ್ತದೆ. ಬಿಸಿಯಾದಂತೆಲ್ಲ ಸಿಲಿಕಾನ್ ಸೋಲುತ್ತದೆ. ಸಾಮಾನ್ಯ ಫಲಕ ಅಂಥ ಮಧ್ಯಾಹ್ನ ತನ್ನ ಶಕ್ತಿಯ ಹತ್ತನೇ ಒಂದಕ್ಕಿಂತ ಹೆಚ್ಚು ಪಾಲನ್ನು ಕಳೆದುಕೊಳ್ಳುತ್ತದೆ. ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಡಿ ಎಂದು ತಿಳಿದವರು ಹೇಳುವುದು ಇದಕ್ಕೇ.

29.4ನ್ನು ದಾಟುವ ಮಾರ್ಗವೇ ಇಲ್ಲವೇ? ಇದೆ. ಟಿಕೆಟ್ ಕಿಟಕಿಯ ಮಾತನ್ನು ಮತ್ತೆ ನೆನೆಸಿಕೊಳ್ಳಿ. ಐವತ್ತು ರೂಪಾಯಿಯವರಿಗೆ ಬೇರೊಂದು ಕಿಟಕಿ ತೆರೆದರಾಯಿತು. ಸಿಲಿಕಾನಿನ ಮೇಲೆ ಪೆರೊವ್‌ಸ್ಕೈಟ್ ಎಂಬ ಗುಂಪಿನ ವಸ್ತುವಿನ ತೆಳು ಕೋಶವನ್ನು ಕೂರಿಸಿದರೆ, ಮೇಲಿನದು ನೀಲಿ ಹಸಿರು ಬೆಳಕನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಬಳಸಿಕೊಂಡು ಕೆಂಪು, ಅವಕೆಂಪನ್ನು ಕೆಳಗಿನ ಸಿಲಿಕಾನಿಗೆ ಬಿಡುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಿ.ವಿ. ಕಂಪೆನಿ ಈ ಜೋಡಿಕೋಶದಲ್ಲಿ ಶೇ. 28 ತೋರಿಸಿತು. 2023ರಲ್ಲಿ ಸೌದಿ ಅರೇಬಿಯಾದ ಕೆಂಪು ಸಮುದ್ರದ ದಡದಲ್ಲಿರುವ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 33.7 ಮುಟ್ಟಿದರು. 2024ರಲ್ಲಿ ಲಾಂಗಿ 34.6 ಎಂದು ಪ್ರಕಟಿಸಿತು.

ಆದರೆ ಪೆರೊವ್‌ಸ್ಕೈಟಿಗೆ ನೀರಿನ ಹಸಿ ಆಗದು, ಸೆಕೆ ಆಗದು. ಮಾರುಕಟ್ಟೆಗೆ ಬರುವ ಫಲಕವನ್ನು 85 ಡಿಗ್ರಿ ಉಷ್ಣತೆ, ಶೇ. 85 ತೇವಾಂಶವಿರುವ ಪೆಟ್ಟಿಗೆಯೊಳಗೆ 1000 ಗಂಟೆ ಇಟ್ಟು ಪರೀಕ್ಷಿಸುವ ಪದ್ಧತಿಯಿದೆ. ಸಿಲಿಕಾನ್ ಫಲಕಗಳು ಆ ಪರೀಕ್ಷೆಯನ್ನು ಪಾಸು ಮಾಡಿ ಎಷ್ಟೋ ಕಾಲವಾಯಿತು. ಅದರ ಆಚೆಗೂ ಇಪ್ಪತ್ತೈದು ಮಳೆಗಾಲಗಳನ್ನು ತಾರಸಿಯ ಮೇಲೆ ಕಳೆಯಬೇಕು. 1952ರಲ್ಲಿ ಚಾಪಿನ್ನರ ಬ್ಯಾಟರಿಗಳನ್ನು ಕೆಡಿಸಿದ ಅದೇ ತೇವ ಈಗ ಈ ಹೊಸ ಜೋಡಿಕೋಶದ ಮುಂದೆ ನಿಂತಿದೆ.